ಜೊತೆಗಾರನನ್ನು ಹುಡುಕುವ ಕಷ್ಟ: ಅಮೆರಿಕದ ಉಪಾಧ್ಯಕ್ಷ ಅಭ್ಯರ್ಥಿಯ ಕಥೆ

1972ರ ಜುಲೈ 13, ಮಯಾಮಿ ಬೀಚ್. ಡೆಮಾಕ್ರಟಿಕ್ ಪಕ್ಷ ಹಿಂದಿನ ರಾತ್ರಿಯಷ್ಟೇ ಜಾರ್ಜ್ ಮೆಕ್‌ಗವರ್ನ್ ಅವರನ್ನು ಅಧ್ಯಕ್ಷ ಅಭ್ಯರ್ಥಿ ಅಂತ ಆರಿಸಿದೆ. ಇವತ್ತು ಉಪಾಧ್ಯಕ್ಷ ಅಭ್ಯರ್ಥಿಯ ಹೆಸರು ಕೊಡಬೇಕು. ಎಡ್ವರ್ಡ್ ಕೆನಡಿ ಒಲ್ಲೆ ಅಂದರು. ವಾಲ್ಟರ್ ಮಾಂಡೇಲ್ ಕೂಡ ಒಲ್ಲೆ ಅಂದರು (ಈ ಹೆಸರು ನೆನಪಿಟ್ಟುಕೊಳ್ಳಿ). ಹೊತ್ತು ಮೀರುತ್ತಿದ್ದಾಗ ಮಿಸೌರಿಯ ಸೆನೆಟರ್ ಥಾಮಸ್ ಈಗಲ್ಟನ್ ಅವರಿಗೆ ಫೋನ್ ಹೋಯಿತು. ಅವರು ತಕ್ಷಣ ಒಪ್ಪಿದರು. ಮುಂದೆ ತಲೆನೋವಾಗುವಂಥ ಹಳೇ ವಿಷಯ ಏನಾದ್ರೂ ಇದೆಯಾ ಅಂತ ಕೇಳಿದ್ದಕ್ಕೆ ಇಲ್ಲ ಅಂದರು. ವಿಚಾರಣೆ ಅಲ್ಲಿಗೆ ಮುಗೀತು. ಮನೆ ಬಾಡಿಗೆಗೆ ಕೊಡುವಾಗಲೂ ನಾವು ಇದಕ್ಕಿಂತ ಜಾಸ್ತಿ ಕೇಳ್ತೀವಿ, ಅಲ್ವಾ?

ಆದರೆ 1960ರ ದಶಕದಲ್ಲಿ ಈಗಲ್ಟನ್ ಖಿನ್ನತೆಯಿಂದ ಮೂರು ಸಲ ಆಸ್ಪತ್ರೆ ಸೇರಿದ್ದರು, ಶಾಕ್ ಚಿಕಿತ್ಸೆಯನ್ನೂ ಪಡೆದಿದ್ದರು. ಪತ್ರಕರ್ತರಿಗೆ ಸುಳಿವು ಸಿಕ್ಕಿತು. ಮೆಕ್‌ಗವರ್ನ್ ಮೊದಲು 'ಶೇಕಡಾ 1000ದಷ್ಟು ಅವರ ಬೆನ್ನಿಗಿದ್ದೇನೆ' ಅಂದರು, ಆಮೇಲೆ ಜುಲೈ 31ಕ್ಕೆ ಕೈಬಿಟ್ಟರು. ನವೆಂಬರ್‌ನಲ್ಲಿ ಅವರು ಗೆದ್ದದ್ದು 50ರಲ್ಲಿ ಒಂದೇ ರಾಜ್ಯ. ಹೇಗೂ ಸೋಲುತ್ತಿದ್ದರು ಅನ್ನಿ. ನನಗೆ ಈಗಲ್ಟನ್ ಕಾಯಿಲೆಗಿಂತ ಮೆಕ್‌ಗವರ್ನ್ ಆತುರವೇ ದೊಡ್ಡ ತಪ್ಪಾಗಿ ಕಾಣುತ್ತದೆ.

ಇಷ್ಟು ಉಡಾಫೆ ಯಾಕೆ? ಆ ಕುರ್ಚಿಗೆ ಯಾವತ್ತೂ ಬೆಲೆ ಇರಲಿಲ್ಲ. ಮೊದಮೊದಲು ಚುನಾವಣೆಯಲ್ಲಿ ಎರಡನೇ ಸ್ಥಾನ ಬಂದವರೇ ಉಪಾಧ್ಯಕ್ಷರು. ಹಾಗಾಗಿ 1796ರಲ್ಲಿ ಜಾನ್ ಆಡಮ್ಸ್ ಪಕ್ಕ ಅವರ ಎದುರಾಳಿ ಜೆಫರ್ಸನ್ ಬಂದು ಕೂತರು. 1800ರಲ್ಲಿ ಜೆಫರ್ಸನ್ ಮತ್ತು ಅವರ ಜೋಡಿ ಆರನ್ ಬರ್ ಇಬ್ಬರಿಗೂ 73 ಎಲೆಕ್ಟೋರಲ್ ಮತ (ಪ್ರತಿ ರಾಜ್ಯಕ್ಕೂ ಇಷ್ಟಿಷ್ಟು ಅಂತ ಹಂಚಿರುವ, ಅಧ್ಯಕ್ಷರು ಯಾರೆಂದು ತೀರ್ಮಾನಿಸುವ ಮತ) ಬಿದ್ದು, ಗಂಟು ಬಿಡಿಸಲು ಪ್ರತಿನಿಧಿ ಸಭೆ 36 ಸಲ ಮತ ಹಾಕಬೇಕಾಯಿತು. 1804ರಲ್ಲಿ ನಿಯಮ ಬದಲಾಗಿ ಎರಡು ಹುದ್ದೆಗೂ ಬೇರೆ ಬೇರೆ ಮತ ಬಂತು. ಅಲ್ಲಿಂದ ಮುಂದೆ ಪಕ್ಷದ ಮುಖಂಡರು ಯಾವ ಕಡೆಯ ಮತ ಬೇಕೋ ಆ ಕಡೆಯವರನ್ನು ಜೋಡಿಸಿದರು. ಕಾಟ ಕೊಡುವವರನ್ನು ಸಾಗಹಾಕೋಕೂ ಅದೇ ಜಾಗ. 1900ರಲ್ಲಿ ನ್ಯೂಯಾರ್ಕ್ ಗವರ್ನರ್ ಥಿಯೊಡರ್ ರೂಸ್ವೆಲ್ಟ್ ಅವರನ್ನು ಅಲ್ಲಿನ ಮುಖಂಡರು ಹೀಗೇ ದಾಟಿಸಿದ್ದು. ಮರುವರ್ಷ ಅಧ್ಯಕ್ಷ ಮೆಕಿನ್ಲಿ ಗುಂಡೇಟಿಗೆ ಸತ್ತರು, ಸಾಗಹಾಕಿಸಿಕೊಂಡ ರೂಸ್ವೆಲ್ಟ್ ಅವರೇ ಅಧ್ಯಕ್ಷರಾದರು!

1944ರಲ್ಲಿ ಮಾತ್ರ ಪಕ್ಷದವರು ಭವಿಷ್ಯ ಯೋಚಿಸಿದರು. ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್ವೆಲ್ಟ್ ಆರೋಗ್ಯ ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು. ಆಗಿನ ಉಪಾಧ್ಯಕ್ಷ ಹೆನ್ರಿ ವಾಲೆಸ್ ಅವರನ್ನು ಬದಿಗೆ ಸರಿಸಿ ಹ್ಯಾರಿ ಟ್ರೂಮನ್ ಅವರನ್ನು ತಂದರು. ಟ್ರೂಮನ್ ಉಪಾಧ್ಯಕ್ಷರಾದ 82ನೇ ದಿನಕ್ಕೆ ರೂಸ್ವೆಲ್ಟ್ ತೀರಿಕೊಂಡರು. ವೈಟ್ ಹೌಸ್‌ಗೆ ಓಡಿಬಂದ ಟ್ರೂಮನ್, ನಿಮಗೇನು ಸಹಾಯ ಮಾಡಲಿ ಅಂತ ರೂಸ್ವೆಲ್ಟ್ ಪತ್ನಿ ಎಲೀನರ್ ಅವರನ್ನು ಕೇಳಿದರೆ, ಕಷ್ಟಕ್ಕೆ ಸಿಕ್ಕಿಕೊಂಡಿರೋದು ನೀವು, ನಾವೇನು ಮಾಡಲಿ ಹೇಳಿ ಅಂದರಂತೆ ಆಕೆ. ಅಣುಬಾಂಬ್ ವಿಷಯವನ್ನು ಟ್ರೂಮನ್‌ಗೆ ರೂಸ್ವೆಲ್ಟ್ ಹೇಳಿಯೇ ಇರಲಿಲ್ಲ. ಒಳ್ಳೆಯವರನ್ನು ಆರಿಸಿ ಹೊರಗೆ ಕೂರಿಸಿದ್ದರು.

1960ರಲ್ಲಿ ಹಳೇ ಲೆಕ್ಕವೇ ಕೆಲಸ ಮಾಡಿತು. ಜಾನ್ ಕೆನಡಿ ಜೊತೆ ಲಿಂಡನ್ ಜಾನ್ಸನ್ ನಿಂತರು, ಅವರ ಟೆಕ್ಸಸ್ ಸುಮಾರು 46,000 ಮತಗಳಿಂದ ಕೈಗೆ ಬಂತು.

ನಿಜವಾದ ಬದಲಾವಣೆ ತಂದದ್ದು ಈಗಲ್ಟನ್ ಪ್ರಕರಣದ ಪೆಟ್ಟು. 1976ರಲ್ಲಿ ಜಿಮ್ಮಿ ಕಾರ್ಟರ್ ಆತುರಪಡಲಿಲ್ಲ. ಹಣಕಾಸು, ಆರೋಗ್ಯ ಎಲ್ಲ ವಿಚಾರಿಸಿ, ಒಬ್ಬೊಬ್ಬರನ್ನೇ ಜಾರ್ಜಿಯಾದ ಪ್ಲೇನ್ಸ್ ಎಂಬ ತಮ್ಮ ಪುಟ್ಟ ಊರಿಗೆ ಕರೆಸಿ ಕೂತು ಮಾತಾಡಿದರು. ಆಯ್ಕೆಯಾದವರು ಯಾರು? 1972ರಲ್ಲಿ ಒಲ್ಲೆ ಅಂದಿದ್ದ ಮಾಂಡೇಲ್. ಸುಮ್ನೆ ಕೂರೋಕೆ ಬರಲ್ಲ, ಕೆಲಸ ಬೇಕು ಅಂದರು. ವೈಟ್ ಹೌಸ್‌ನಲ್ಲಿ ಅಧ್ಯಕ್ಷರ ಕಚೇರಿ ಇರುವ ವೆಸ್ಟ್ ವಿಂಗ್ ಒಳಗೇ ಅವರಿಗೂ ಕಚೇರಿ, ವಾರಕ್ಕೊಮ್ಮೆ ಅಧ್ಯಕ್ಷರ ಜೊತೆ ಊಟ.

ಅಲ್ಲಿಂದಾಚೆ ಎಲ್ಲರೂ ಜಾಣರಾದರು ಅಂದುಕೊಳ್ಳಬೇಡಿ. 2000ದಲ್ಲಿ ಜಾರ್ಜ್ ಬುಷ್ ಅವರಿಗೆ ಜೊತೆಗಾರನನ್ನು ಹುಡುಕಲು ಹೊರಟ ಡಿಕ್ ಚೆನಿ ಕೊನೆಗೆ ತಾವೇ ಅಭ್ಯರ್ಥಿಯಾದರು, ಹೆಣ್ಣು ಹುಡುಕೋಕೆ ಹೋದ ದಲ್ಲಾಳಿಯೇ ಹಸೆಮಣೆ ಏರಿದ ಹಾಗೆ. ಅವರ ವಯೋಮಿಂಗ್‌ಗೆ ಇದ್ದದ್ದು ಬರೀ 3 ಎಲೆಕ್ಟೋರಲ್ ಮತ, ಆದರೂ ಅವರಷ್ಟು ಪ್ರಭಾವಿ ಉಪಾಧ್ಯಕ್ಷ ಇನ್ನೊಬ್ಬರಿಲ್ಲ.

ಆದರೂ 'ರಾಜ್ಯ ತಂದುಕೊಡುವವರು' ಎಂಬ ಆಸೆ ಹೋಗಿಲ್ಲ. 2024ರಲ್ಲಿ ಕಮಲಾ ಹ್ಯಾರಿಸ್ ಪೆನ್ಸಿಲ್ವೇನಿಯಾ ಗವರ್ನರ್ ಜೋಶ್ ಶಪಿರೊ ಅವರನ್ನು ಬಿಟ್ಟು ಮಿನೆಸೊಟಾದ ಟಿಮ್ ವಾಲ್ಜ್ ಅವರನ್ನು ಆರಿಸಿದಾಗ, ಪೆನ್ಸಿಲ್ವೇನಿಯಾದ 19 ಎಲೆಕ್ಟೋರಲ್ ಮತ ಹೋಯಿತಲ್ಲ ಅಂತ ಎಷ್ಟೋ ಜನ ಪೇಚಾಡಿದರು. ಹ್ಯಾರಿಸ್ ಅವರಿಗೆ ಬಿದ್ದದ್ದು 226. ಆ 19 ಸೇರಿಸಿದರೂ 245, ಗೆಲ್ಲೋಕೆ ಬೇಕಿದ್ದದ್ದು 270.