ಬಾತುಕೋಳಿ ಯಾಕೆ ಸೋತಿತು, ಅಂತರಗಂಗೆ ಯಾಕೆ ಗೆದ್ದಿತು?

ಕೆರೆ ಕೆಲಸ ಮಾಡುವವರಿಗೆ ಅಂತರಗಂಗೆ ಜೊತೆ ಜಗಳ ಮುಗಿಯುವುದೇ ಇಲ್ಲ. ಬೆಂಗಳೂರಿನ ಕೆರೆಗಳಲ್ಲಿ ಯಂತ್ರ ಇಳಿಸಿ ಎತ್ತಿಸುತ್ತೇವೆ, ದಡದಲ್ಲಿ ರಾಶಿ ಹಾಕುತ್ತೇವೆ. ನಾಲ್ಕು ತಿಂಗಳಲ್ಲಿ ಮತ್ತೆ ಹಸಿರು ಹಾಸಿಗೆ. ನಾನು ಹೇಳುತ್ತಿರುವುದು ನೇರಳೆ ಹೂವಿನ ವಾಟರ್ ಹಯಸಿಂತ್ ಬಗ್ಗೆ. ಎಲೆಕೋಸಿನಂತೆ ಕಾಣುವ ಇನ್ನೊಂದು ತೇಲುಗಿಡವನ್ನೂ ಜನ ಅಂತರಗಂಗೆ ಅಂತಲೇ ಕರೆಯುತ್ತಾರೆ.

'ಸಂಖ್ಯೆ ಕಡಿಮೆಯಾದರೆ ಆ ಜೀವಿಯ ಕತೆ ಮುಗೀತು, ಅಲ್ವಾ ಸರ್?' ಅಂತ ಯಾರಾದರೂ ಕೇಳಿದರೆ ಸಂಖ್ಯೆಗಿಂತ ಜಾಗ ಒಗ್ಗುವುದು ದೊಡ್ಡದು ಅಂತ ತೋರಿಸಲು ನಾನು ಈ ಗಿಡದ ಪಕ್ಕ ಮಡಗಾಸ್ಕರ್ ಪೋಚಾರ್ಡ್ ಎಂಬ ಬಾತುಕೋಳಿಯನ್ನು ಇಡುತ್ತೇನೆ. ಕೆಂಗಂದು ಮೈ, ಗಂಡಿಗೆ ಹಾಲಿನಂಥ ಬಿಳಿ ಕಣ್ಣು. ಮಡಗಾಸ್ಕರಿನ ಅಲಾವೋತ್ರ ಸರೋವರದಲ್ಲಿ 1991ರಲ್ಲಿ ಒಂದೇ ಒಂದು ಗಂಡು ಸಿಕ್ಕಿತ್ತು. ಆಮೇಲೆ ಸುದ್ದಿಯೇ ಇಲ್ಲ. ಅಳಿದೇ ಹೋಯಿತು ಅಂದುಕೊಂಡಿದ್ದರು. 2006ರಲ್ಲಿ ಹದ್ದಿನ ಜಾತಿಯ ಬೇರೊಂದು ಹಕ್ಕಿ ಹುಡುಕಿಕೊಂಡು ಉತ್ತರದ ಕಡೆ ಹೋದವರ ಕಣ್ಣಿಗೆ ಒಂದು ಪುಟ್ಟ ಸರೋವರದಲ್ಲಿ ಬಿತ್ತು. ಅಲ್ಲಿ ಉಳಿದಿದ್ದವು ಇಪ್ಪತ್ತು ಚಿಲ್ಲರೆ.

ಈಗ ಗಿಡಕ್ಕೆ ಬನ್ನಿ. ಇದರ ತವರು ದಕ್ಷಿಣ ಅಮೆರಿಕ. ಹೂವಿನ ಮೇಲಿನ ಎಸಳಲ್ಲಿ ನವಿಲುಗರಿಯ ಕಣ್ಣಿನಂಥ ಹಳದಿ ಮಚ್ಚೆ ಇದೆ. ಆ ಚೆಂದಕ್ಕೇ ಮರುಳಾಗಿ ಜನ ಊರೂರಿಗೆ ಒಯ್ದರು. ತವರಿನಾಚೆ ಇರುವ ಗಿಡಗಳನ್ನು ಪರೀಕ್ಷಿಸಿದಾಗ ಬಹುಪಾಲು ಒಂದೇ ಗಿಡದ ತದ್ರೂಪಿಗಳು ಅಂತ ಗೊತ್ತಾಗಿದೆ. ಅಂದರೆ ಇದೂ ಬೆರಳೆಣಿಕೆಯಿಂದಲೇ ಶುರುವಾದದ್ದು! ತೊಟ್ಟು ಸೀಳಿ ನೋಡಿ: ಒಳಗೆ ಸ್ಪಂಜು, ತುಂಬ ಗಾಳಿ. ಕೆರೆಯ ಆಳ ಎಷ್ಟಿದ್ದರೂ ಇದಕ್ಕೇನು? ಬುಡದಿಂದ ಬಳ್ಳಿ ಚಾಚಿ ಮರಿಗಿಡ ಹುಟ್ಟಿಸುತ್ತದೆ, ಎರಡು ವಾರದಲ್ಲಿ ದುಪ್ಪಟ್ಟಾಗಬಲ್ಲದು. ಚರಂಡಿ ನೀರು ಬಂದರಂತೂ ಹಬ್ಬ. ಬೀಜ ಕೆಸರಲ್ಲಿ ವರ್ಷಗಟ್ಟಲೆ ಕಾಯುತ್ತದೆ.

ಪೋಚಾರ್ಡ್ ಕತೆ ಬೇರೆ. ಅದು ಮುಳುಗಿ ತಳದ ಹುಳುಗಳನ್ನು ತಿನ್ನುವ ಹಕ್ಕಿ. ಆಳ ಕಡಿಮೆ ಇರಬೇಕು, ಅಂಚಲ್ಲಿ ಜೊಂಡು ಇರಬೇಕು. ಕೊನೆಗೆ ಉಳಿದಿದ್ದ ಆ ಸರೋವರ ವಿಪರೀತ ಆಳ. ಮೊಟ್ಟೆ ಒಡೆದು ಮರಿ ಬರುತ್ತಿತ್ತು, ಆದರೆ ಮರಿಗಳಿಗೆ ತಳ ಮುಟ್ಟಲು ಆಗದೆ ಹಸಿವಿನಿಂದ ಸಾಯುತ್ತಿದ್ದವು. ಅಲ್ಲಿ ಯಾರೂ ಬೇಟೆಯಾಡಲಿಲ್ಲ, ಬಲೆ ಹಾಕಲಿಲ್ಲ, ಸುಮ್ನೆ ಜಾಗ ಒಗ್ಗಲಿಲ್ಲ. ಒಗ್ಗುವ ಜಾಗವಾಗಿದ್ದ ಅಲಾವೋತ್ರ ಭತ್ತದ ಗದ್ದೆಗಳ ಹೂಳು, ಹೊರಗಿನಿಂದ ತಂದು ಬಿಟ್ಟ ಮೀನು, ಮೀನುಬಲೆಗಳಿಂದ ಕೆಟ್ಟಿತ್ತು. ಅಲ್ಲಿಗೂ ನಮ್ಮ ಅಂತರಗಂಗೆ ಬಂದು ಕೂತಿದೆ ನೋಡಿ.

2009ರಲ್ಲಿ ಮೊಟ್ಟೆ ತಂದು ಕೃತಕವಾಗಿ ಮರಿ ಮಾಡಿಸಿದರು. 2018ರ ಡಿಸೆಂಬರಿನಲ್ಲಿ 21 ಹಕ್ಕಿಗಳನ್ನು ಮಡಗಾಸ್ಕರಿನದೇ ಆದ ಸೋಫಿಯಾ ಸರೋವರಕ್ಕೆ ಬಿಟ್ಟರು. ಮೊದಲು ಅವನ್ನು ಇಟ್ಟದ್ದು ತೇಲುವ ಪಂಜರದಲ್ಲಿ, ಅದೂ ಸ್ಕಾಟ್ಲೆಂಡಿನ ಮೀನು ಸಾಕಣೆಯವರಿಂದ ಬಂದದ್ದು. ಹಕ್ಕಿ ತರುವ ಎಷ್ಟೋ ವರ್ಷ ಮುಂಚೆಯೇ ಅದನ್ನು ಉಳಿಸಲು ಹೊರಟ ತಂಡದವರು ಸರೋವರದ ಸುತ್ತಲಿನ ರೈತರು, ಮೀನುಗಾರರ ಜೊತೆ ಕೂತು ಭತ್ತ ಹೇಗೆ ಬೆಳೆಯುವುದು, ಬಲೆ ಎಲ್ಲಿ ಹಾಕುವುದು ಅಂತ ಮಾತಾಡುತ್ತಿದ್ದರು.