ನಮ್ಮ ಬಾತ್‌ರೂಮ್ ಮೇಲಿನ ಪೈಪ್ ಯಾರದು? ಅಪಾರ್ಟ್‌ಮೆಂಟ್ ಕಾಯ್ದೆ ಓದಿ ಮಾಡಿಕೊಂಡ ಟಿಪ್ಪಣಿ

ಮೂರು ವಾರದ ಹಿಂದೆ ನಮ್ಮ ಬಾತ್‌ರೂಮಿನ ಸೀಲಿಂಗ್‌ನಲ್ಲಿ ಒಂದು ಒದ್ದೆ ಕಲೆ ಕಾಣಿಸಿತು. ಮೊದಲು ರೊಟ್ಟಿಯಷ್ಟಿತ್ತು. ಆಮೇಲೆ ಪೇಂಟ್ ಉಬ್ಬಿ ಉದುರತೊಡಗಿತು. ಮೇಲಿನ ಮನೆಯವರು "ಅದು ಅಸೋಸಿಯೇಷನ್ ಕೆಲಸ" ಅಂದರು. ಅಸೋಸಿಯೇಷನ್‌ನವರು "ನೀವಿಬ್ಬರೇ ಮಾತಾಡಿಕೊಳ್ಳಿ" ಅಂದರು. ಯಾರು ಸರಿ ಅಂತ ತಿಳಿಯಲು ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಆ್ಯಕ್ಟ್, 1972 ಮತ್ತು ನಮ್ಮ ಬೈಲಾ (ಅಸೋಸಿಯೇಷನ್‌ನ ನಿಯಮಗಳು) ಎರಡನ್ನೂ ಕೂತು ಓದಿದೆ. ತಲೆಯಲ್ಲಿ ಇರುವಾಗಲೇ ಬರೆದಿಡುತ್ತಿದ್ದೇನೆ.

ಮೊದಲು ಕೈಯಲ್ಲಿರಬೇಕಾದ ಕಾಗದ

ಡಿಕ್ಲರೇಷನ್ ಡೀಡ್ ಮತ್ತು ಬೈಲಾ. ಯಾವುದು ಎಲ್ಲರದು, ಯಾವ ಫ್ಲ್ಯಾಟ್‌ಗೆ ಎಷ್ಟು ಪಾಲು ಅನ್ನುವುದು ಡಿಕ್ಲರೇಷನ್‌ನಲ್ಲಿರುತ್ತದೆ. ಯಾರು ಏನು ಮಾಡಬೇಕು ಅನ್ನುವುದು ಬೈಲಾದಲ್ಲಿ. ಸೇಲ್ ಡೀಡ್ ಒಂದನ್ನೇ ಇಟ್ಟುಕೊಂಡು ಕೂತರೆ ಈ ವಿಷಯ ಬಗೆಹರಿಯುವುದಿಲ್ಲ.

ಗಡಿ ಎಲ್ಲಿದೆ? ನಾನು ಸಿಕ್ಕಿಹಾಕಿಕೊಂಡದ್ದು ಇಲ್ಲೇ

ಬಾಗಿಲ ಒಳಗೆ ಇರುವುದೆಲ್ಲ ನಮ್ಮದು, ಹೊರಗೆ ಇರುವುದೆಲ್ಲ ಅಸೋಸಿಯೇಷನ್‌ದು ಅಂತ ಅಂದುಕೊಂಡಿದ್ದೆ. ಕಾಯ್ದೆ ಹಾಗೆ ಗೆರೆ ಎಳೆಯುವುದಿಲ್ಲ. ಭೂಮಿ, ಅಡಿಪಾಯ, ಕಂಬ, ಬೀಮ್, ಮುಖ್ಯ ಗೋಡೆ, ತಾರಸಿ, ಮೆಟ್ಟಿಲು, ಲಿಫ್ಟ್, ಟ್ಯಾಂಕ್, ಪಂಪ್, ಮೋಟಾರ್ ಇವೆಲ್ಲ ಸಾಮಾನ್ಯ ಭಾಗಗಳು. ನಮ್ಮ ಹಾಲ್‌ನ ಮೂಲೆಯಲ್ಲಿ ಒಂದು ಕಂಬ ಇದೆ. ಅದಕ್ಕೆ ಪೇಂಟ್ ಹೊಡೆಸಿದ್ದು ನಾವು, ಕ್ಯಾಲೆಂಡರ್ ನೇತುಹಾಕಿದ್ದೂ ನಾವು. ಆದರೂ ಅದು ಕಟ್ಟಡದ ಎಲ್ಲರದು. ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸ ಯಾವ ಮಾಲೀಕರೂ ಮಾಡುವ ಹಾಗಿಲ್ಲ.

ಇದರ ಉಲ್ಟಾ ಕೂಡ ನಿಜ. ಮಾದರಿ ಬೈಲಾ ಪ್ರಕಾರ ಫ್ಲ್ಯಾಟ್‌ನ ಒಳಗಿನ ನೀರು, ಕರೆಂಟು, ಒಳಚರಂಡಿ, ಸ್ಯಾನಿಟರಿ ಫಿಟ್ಟಿಂಗ್, ಬಾಗಿಲು, ಕಿಟಕಿ ಇವುಗಳ ರಿಪೇರಿ ಆ ಮಾಲೀಕರ ಖರ್ಚು. ಮೇಲಿನ ಮನೆಯ ಬಾತ್‌ರೂಮಿನ ಪೈಪ್ ನನ್ನ ಸೀಲಿಂಗ್‌ಗೆ ಅಂಟಿಕೊಂಡಂತೆ ಹೋಗುತ್ತದೆ. ನನ್ನ ಕಣ್ಣಿಗೆ ಅದು ನಮ್ಮ ಮನೆಯ ಪೈಪ್. ಆದರೆ ಅದರಲ್ಲಿ ಹರಿಯುವುದು ಅವರ ಮನೆಯ ನೀರು ಮಾತ್ರ.

ಹಾಗಾಗಿ "ಎಲ್ಲಿದೆ?" ಅಂತ ಕೇಳಬೇಡಿ, "ಎಷ್ಟು ಮನೆಗೆ ಕೆಲಸ ಮಾಡುತ್ತದೆ?" ಅಂತ ಕೇಳಿ. ನಾನು ನೆನಪಿಟ್ಟುಕೊಂಡಿರುವುದು ಹೀಗೆ: ನಿಂತ ಪೈಪ್ ಅಸೋಸಿಯೇಷನ್‌ದು, ಮಲಗಿದ ಪೈಪ್ ಮನೆಯದು. ಶಾಫ್ಟ್‌ನಲ್ಲಿ, ಅಂದರೆ ಪೈಪ್‌ಗಳಿಗಾಗಿ ಎಲ್ಲ ಮಹಡಿಗೂ ನೇರವಾಗಿ ಬಿಟ್ಟ ಜಾಗದಲ್ಲಿ, ಮೇಲಿಂದ ಕೆಳಗೆ ಇಳಿಯುವ ಪೈಪ್‌ಗೆ ಎಲ್ಲ ಮಹಡಿಯ ನೀರೂ ಸೇರುತ್ತದೆ. ಅಡ್ಡಕ್ಕೆ ಬಂದು ಅದನ್ನು ಸೇರುವುದು ಒಂದೇ ಮನೆಯದು. ಬೇಸ್‌ಮೆಂಟ್‌ನಲ್ಲಿ ಮಾತ್ರ ಈ ಸೂತ್ರ ನಡೆಯುವುದಿಲ್ಲ, ಅಲ್ಲಿ ಎಲ್ಲರ ಪೈಪೂ ಮಲಗಿರುತ್ತದೆ. ಆಗ ಮತ್ತೆ "ಎಷ್ಟು ಮನೆಗೆ?" ಅನ್ನುವ ಪ್ರಶ್ನೆಗೇ ಬನ್ನಿ. ನಿಮ್ಮ ಡಿಕ್ಲರೇಷನ್‌ನಲ್ಲಿ ಬೇರೆ ಥರ ಬರೆದಿದ್ದರೆ ಅದನ್ನೇ ಹಿಡಿಯಬೇಕು.

ಇಷ್ಟಾದರೂ ನೀರು ಯಾವ ಪೈಪಿನಿಂದ ಬರುತ್ತಿದೆ ಅಂತ ಗೊತ್ತಾಗಬೇಕಲ್ವಾ? ನಮ್ಮ ಪ್ಲಂಬರ್ ಮಾಡಿದ್ದು ತುಂಬ ಸರಳ. ಮೇಲಿನ ಬಾತ್‌ರೂಮಿನ ನಹಾನಿ ಟ್ರ್ಯಾಪ್‌ಗೆ (ನೆಲದ ನೀರು ಹೋಗುವ ಜಾಲರಿಯ ಕೆಳಗಿನ ಬಟ್ಟಲು) ಬಟ್ಟೆ ತುರುಕಿ, ನೆಲದ ಮೇಲೆ ಎರಡು ಇಂಚು ನೀರು ನಿಲ್ಲಿಸಿ, ಬಟ್ಟೆಗೆ ಹಾಕುವ ನೀಲಿ ಕಲಸಿದರು. ಸಂಜೆವರೆಗೂ ನಮ್ಮ ಸೀಲಿಂಗ್‌ನಿಂದ ಒಂದು ಹನಿಯೂ ಬೀಳಲಿಲ್ಲ. ಅಂದರೆ ನೆಲದ ವಾಟರ್‌ಪ್ರೂಫಿಂಗ್ ಗಟ್ಟಿಯಾಗಿದೆ. ಆಮೇಲೆ ಬಟ್ಟೆ ತೆಗೆದರು. ಅರ್ಧ ಗಂಟೆಯಲ್ಲಿ ನೀಲಿ ಹನಿ ಇಳಿಯಿತು. ಟ್ರ್ಯಾಪ್‌ನ ಜಾಯಿಂಟ್ ಬಿಟ್ಟಿತ್ತು. ಆ ಒಂದೇ ಬಾತ್‌ರೂಮಿನ ಟ್ರ್ಯಾಪ್, ಹಾಗಾಗಿ ಖರ್ಚು ಮೇಲಿನ ಮನೆಯದು. ನೀಲಿ ನೋಡಿದ ಮೇಲೆ ಅವರೂ ಮರುಮಾತಿಲ್ಲದೆ ಒಪ್ಪಿದರು.

ಶಾಫ್ಟ್‌ನ ಪೈಪ್ ಸೋರಿದ್ದರೆ ದುಡ್ಡು ಎಲ್ಲರ ಮೇಂಟೆನೆನ್ಸ್‌ನಿಂದ ಹೋಗುತ್ತಿತ್ತು. ಅದನ್ನು ಸರಿಮಾಡಲು ಯಾರದೋ ಮನೆಯೊಳಗೆ ಹೋಗಬೇಕಾದರೆ, ಸೂಕ್ತ ಸಮಯದಲ್ಲಿ ಹೋಗುವ ಹಕ್ಕನ್ನು ಕಾಯ್ದೆಯೇ ಅಸೋಸಿಯೇಷನ್‌ಗೆ ಕೊಟ್ಟಿದೆ. ಬೇರೆ ಮನೆಗೆ ಹಾನಿಯಾಗದಂತೆ ತಡೆಯುವ ತುರ್ತು ರಿಪೇರಿಗೂ ಇದೇ ಹಕ್ಕು.

ದುಡ್ಡಿನ ಪಾಲು

ಸಾಮಾನ್ಯ ಖರ್ಚು ಅವಿಭಜಿತ ಪಾಲಿನ, ಅಂದರೆ ಸಾಮಾನ್ಯ ಭಾಗಗಳಲ್ಲಿ ಪ್ರತಿ ಫ್ಲ್ಯಾಟ್‌ಗಿರುವ ಪಾಲಿನ, ಶೇಕಡಾವಾರು ಪ್ರಕಾರ ಹಂಚಿಕೆಯಾಗಬೇಕು. ಇಡೀ ಆಸ್ತಿಯ ಬೆಲೆಯಲ್ಲಿ ಫ್ಲ್ಯಾಟ್‌ನ ಬೆಲೆ ಎಷ್ಟು ಅನ್ನುವುದರ ಮೇಲೆ ಆ ಪಾಲು ನಿಂತಿದೆ. ನಿಮ್ಮ ಪಾಲು 5% ಇದ್ದು, ಲಿಫ್ಟ್ ರಿಪೇರಿಗೆ ₹80,000 ಆದರೆ ನಿಮ್ಮ ಲೆಕ್ಕ ₹4,000. "ನಾವು ಗ್ರೌಂಡ್ ಫ್ಲೋರ್, ಲಿಫ್ಟ್ ಹತ್ತುವುದೇ ಇಲ್ಲ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಬಳಸುವುದಿಲ್ಲ ಅಂದ ಮಾತ್ರಕ್ಕೆ, ಮನೆ ಖಾಲಿ ಬಿಟ್ಟ ಮಾತ್ರಕ್ಕೆ ಯಾರೂ ಪಾಲಿನಿಂದ ತಪ್ಪಿಸಿಕೊಳ್ಳಲಾಗದು ಅಂತ ಕಾಯ್ದೆ ನೇರವಾಗಿ ಹೇಳುತ್ತದೆ. ನನಗೆ ಇದು ನ್ಯಾಯ ಅನ್ನಿಸುತ್ತದೆ. ತಾರಸಿ ಸೋರಿದಾಗ ಗ್ರೌಂಡ್ ಫ್ಲೋರಿನವರೂ ಕೊಡುತ್ತಾರೆ, ಸಂಪ್ ತೊಳೆಸುವಾಗ ಮೇಲಿನವರೂ ಕೊಡುತ್ತಾರೆ.

ಬಾಕಿ ಫ್ಲ್ಯಾಟ್‌ನ ಜೊತೆಗೇ ಬರುತ್ತದೆ. ಮಾರಿದವರು ಉಳಿಸಿಹೋದ ಮೇಂಟೆನೆನ್ಸ್‌ಗೆ ಕೊಂಡವರೂ ಹೊಣೆ. ಸೆಕೆಂಡ್ ಸೇಲ್‌ನಲ್ಲಿ ಕೊಳ್ಳುವವರು ರಿಜಿಸ್ಟ್ರೇಷನ್‌ಗೆ ಮೊದಲೇ ಬಾಕಿಯ ಲೆಕ್ಕವನ್ನು ಲಿಖಿತವಾಗಿ ತೆಗೆದುಕೊಳ್ಳಿ.

ಬಿಲ್ಡರ್ ಹೊಣೆ

ರೇರಾ ಕಾಯ್ದೆ (ರಿಯಲ್ ಎಸ್ಟೇಟ್ ನಿಯಂತ್ರಣದ ಕೇಂದ್ರ ಕಾಯ್ದೆ), 2016ರ ಸೆಕ್ಷನ್ 14ರ ಪ್ರಕಾರ ಮನೆ ಕೈಗೆ ಕೊಟ್ಟ 5 ವರ್ಷದೊಳಗೆ ಕಟ್ಟಡದ ಅಥವಾ ಕೆಲಸದ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ ದುಡ್ಡು ತೆಗೆದುಕೊಳ್ಳದೆ ಸರಿಮಾಡಿಕೊಡಬೇಕು. ಹೊಸ ಕಟ್ಟಡದವರು ಮೊದಲು ಈ ದಿನಾಂಕ ನೋಡಿ. ನಮ್ಮ ಕಟ್ಟಡಕ್ಕೆ 9 ವರ್ಷ ಆಗಿದೆ.

ಈ ಶನಿವಾರ ಮೇಲಿನ ಮನೆಯಲ್ಲಿ ಟೈಲ್ಸ್ ಒಡೆಯುತ್ತಾರೆ. ಎರಡು ದಿನ ಸ್ನಾನಕ್ಕೆ ನಮ್ಮ ಮನೆಗೇ ಬನ್ನಿ ಅಂತ ಹೇಳಿದ್ದೇನೆ.