ಅಪ್ಪನಿಗೆ ಇದ್ದದ್ದು ಕ್ಷಯವೇ?

ಶ್ವಾಸಕೋಶದ ವೈದ್ಯನ ಕೊಠಡಿಗೆ ರೋಗಿಯಿಲ್ಲದೆ, ರೋಗಿಯ ಕಾಗದಗಳನ್ನಷ್ಟೇ ಹಿಡಿದು ಬರುವವರೂ ಇದ್ದಾರೆ. ಕೆಲವು ತಿಂಗಳ ಹಿಂದೆ ಹಾಗೆ ಬಂದ ಹೆಣ್ಣುಮಗಳೊಬ್ಬರು ಜವಳಿ ಅಂಗಡಿಯ ಚೀಲದಿಂದ ಆರು ಎಕ್ಸ್‌ರೇ ಫಿಲಂಗಳನ್ನು ಹೊರತೆಗೆದು, "ಸಾರ್, ನಮ್ಮಪ್ಪ ತೀರಿಕೊಂಡು ಎರಡು ತಿಂಗಳಾಯ್ತು. ಅವರಿಗೆ ಟಿಬಿ ಇತ್ತು, ಮಕ್ಕಳಿಗೂ ಟೆಸ್ಟ್ ಮಾಡಿಸಬೇಕಾ?" ಎಂದು ಕೇಳಿದರು. ಏಳು ವರ್ಷಗಳಲ್ಲಿ ಆ ತಂದೆಗೆ ಮೂರು ಬಾರಿ ಕ್ಷಯದ ಔಷಧಿ ಕೊಡಲಾಗಿತ್ತು. ಮೂರು ಬಾರಿಯೂ ಕಫದಲ್ಲಿ ರೋಗಾಣು ಸಿಕ್ಕಿರಲಿಲ್ಲ. ಫಿಲಂ ಅನ್ನು ಬೆಳಕಿಗೆ ಹಿಡಿದರೆ ಎರಡೂ ಶ್ವಾಸಕೋಶಗಳ ಮೇಲ್ಭಾಗದಲ್ಲಿ ರಾಗಿ ಚೆಲ್ಲಿದಂತೆ ಬಿಳಿಯ ಚುಕ್ಕೆಗಳು. ಏನು ಕೆಲಸ ಮಾಡುತ್ತಿದ್ದರೆಂದು ವಿಚಾರಿಸಿದೆ. ಇಪ್ಪತ್ತೆರಡು ವರ್ಷ ಕಲ್ಲು ಕ್ವಾರಿಯಲ್ಲಿ ಕುಳಿ ಹೊಡೆಯುವ ಕೆಲಸ, ಆಮೇಲೆ ಜಲ್ಲಿ ಕ್ರಷರ್. ಆ ಮಾತು ಅಷ್ಟೂ ಚೀಟಿಗಳಲ್ಲಿ ಎಲ್ಲಿಯೂ ಇರಲಿಲ್ಲ.

ಗ್ರಾನೈಟ್ ಒಡೆಯುವಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣುವುದು ಅಷ್ಟು ಅಪಾಯಕಾರಿಯಲ್ಲ. ಅದು ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಕಲ್ಲಿನಲ್ಲಿರುವ ಸಿಲಿಕಾ ಎಂಬ ಖನಿಜದ, ಐದು ಮೈಕ್ರಾನ್‌ಗಿಂತ ಸಣ್ಣದಾದ ಹರಳುಗಳು ಶ್ವಾಸಕೋಶದ ಗಾಳಿಚೀಲಗಳವರೆಗೂ ಇಳಿಯುತ್ತವೆ. ಅವುಗಳನ್ನು ನುಂಗಿ ಕರಗಿಸಲು ಬಂದ ರಕ್ಷಕ ಕೋಶಗಳು ತಾವೇ ಸಾಯುತ್ತವೆ, ಹೊರಬಿದ್ದ ಹರಳನ್ನು ಮತ್ತೊಂದು ಕೋಶ ನುಂಗುತ್ತದೆ, ಸುತ್ತಲಿನ ಭಾಗ ಗಾಯದ ಕಲೆಯಂತೆ ಗಟ್ಟಿಯಾಗುತ್ತ ಹೋಗುತ್ತದೆ. ಇದೇ ಸಿಲಿಕೋಸಿಸ್. ಕೆಲಸ ಬಿಟ್ಟು ಹತ್ತು ವರ್ಷವಾದ ಮೇಲೂ ಇದು ಮುಂದುವರಿಯಬಲ್ಲದು, ಇದನ್ನು ಗುಣಪಡಿಸುವ ಔಷಧಿಯಿಲ್ಲ.

ಇದು ನಮ್ಮ ನಾಡಿಗೆ ಹೊಸ ಕಾಯಿಲೆಯೂ ಅಲ್ಲ. 1880ರಲ್ಲಿ ಆರಂಭವಾಗಿ 2001ರ ಫೆಬ್ರುವರಿಯಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿ ನಡೆದ ತಪಾಸಣೆಯಲ್ಲಿ ಹತ್ತು ಕಾರ್ಮಿಕರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಕಂಡುಬಂದಿತ್ತು. ಅಷ್ಟು ಹಿಂದೆಯೇ ಗೊತ್ತಿದ್ದ ಕಾಯಿಲೆಯ ಹೆಸರು ಇವತ್ತಿನ ಕ್ವಾರಿ ಕಾರ್ಮಿಕನ ಚೀಟಿಯಲ್ಲಿ ಇಲ್ಲದಿರುವುದಕ್ಕೆ ನಮ್ಮ ವೃತ್ತಿಯವರನ್ನೇ ನಾನು ಮೊದಲು ದೂರುತ್ತೇನೆ. ಗೊಂದಲಕ್ಕೆ ಕಾರಣವಿಲ್ಲವೆಂದಲ್ಲ. ಸಿಲಿಕಾ ತುಂಬಿದ ಶ್ವಾಸಕೋಶಕ್ಕೆ ಕ್ಷಯ ಬೇಗ ಅಂಟುತ್ತದೆ, ಹಾಗಾಗಿ ಎರಡೂ ಒಟ್ಟಿಗಿರಬಹುದು. ಆದರೆ ಸಿಲಿಕೋಸಿಸ್ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಇದನ್ನು ಹೇಳಿದಾಗ ಆ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನ ತಟ್ಟೆ, ಲೋಟ ಕೊನೇವರೆಗೂ ಬೇರೆ ಇಟ್ಟಿದ್ವಿ ಸಾರ್" ಎಂದರು. ಆಗ ನಿಮಗೆ ಹೇಳಿದ್ದನ್ನು ನಂಬಿ ನೀವು ಎಚ್ಚರಿಕೆ ವಹಿಸಿದ್ದಿರಿ ಎಂದಷ್ಟೇ ನಾನು ಹೇಳಿದೆ.

ಇನ್ನು ಕಾಗದದ ವಿಷಯ. ಸಿಲಿಕೋಸಿಸ್ ಕಾನೂನಿನ ಪ್ರಕಾರ ವೃತ್ತಿಜನ್ಯ ಕಾಯಿಲೆ. ಅದರಿಂದ ಸತ್ತವರ ಅವಲಂಬಿತರು ಪರಿಹಾರ ಕೇಳಬಹುದು, ಅದಕ್ಕೆ ಕಾಲಮಿತಿಯೂ ಇದೆ. ಕುಟುಂಬದವರು ಜೋಪಾನ ಮಾಡುವ ಮರಣ ಪ್ರಮಾಣಪತ್ರ ಇಲ್ಲಿ ಸಾಲದು, ಏಕೆಂದರೆ ಅದರಲ್ಲಿ ಸಾವಿನ ಕಾರಣವನ್ನು ನಮೂದಿಸುವುದೇ ಇಲ್ಲ. ಕಾರಣವಿರುವುದು ವೈದ್ಯರು ಬರೆಯುವ ಬೇರೊಂದು ಪತ್ರದಲ್ಲಿ, ಆಸ್ಪತ್ರೆಯಲ್ಲಾದ ಸಾವಿಗೆ ನಮೂನೆ 4. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಮಾಡಿದ ತಿದ್ದುಪಡಿಯಂತೆ ಅದರ ಪ್ರತಿಯನ್ನು ಹತ್ತಿರದ ಸಂಬಂಧಿಗೆ ಕೊಡಬೇಕು. ಅದರಲ್ಲಿ ಮೊದಲ ಸಾಲಿನ "ಉಸಿರಾಟದ ವೈಫಲ್ಯ"ಕ್ಕಿಂತ, ಕೆಳಗಿನ ಸಾಲಿನಲ್ಲಿ ಬರೆಯುವ ಮೂಲ ಕಾರಣ ಮುಖ್ಯ.

ಅನೇಕ ಮನೆಗಳಲ್ಲಿ ತಿಥಿ ಮುಗಿಯುವ ಹೊತ್ತಿಗೆ ಹಾಸಿಗೆ ಬಟ್ಟೆಯ ಜೊತೆ ಎಕ್ಸ್‌ರೇ ಕವರನ್ನೂ ಸುಟ್ಟಿರುತ್ತಾರೆ. ವರದಿಗಿಂತ ಫಿಲಂ ಹೆಚ್ಚು ಬೆಲೆಯುಳ್ಳದ್ದು, ಅದರಲ್ಲೂ ಹಳೆಯದು. ಜೊತೆಗೆ ಯಾವ ಕ್ವಾರಿ, ಎಷ್ಟು ವರ್ಷ, ಪಕ್ಕದಲ್ಲಿ ಕುಳಿ ಹೊಡೆದವರು ಯಾರು ಎಂಬುದನ್ನು, ಅವರೂ ಕೆಮ್ಮುತ್ತಿರುವ ಸಂಭವವಿರುವುದರಿಂದ, ಬೇಗ ಬರೆಸಿಕೊಳ್ಳಬೇಕು. ಆ ಮಗಳ ಬಳಿ ಇದ್ದ ನಮೂನೆಯ ಮೂಲ ಕಾರಣದ ಸಾಲಿನಲ್ಲಿ "ಹಳೆಯ ಕ್ಷಯ" ಎಂದಿತ್ತು. ಆರೂ ಫಿಲಂಗಳನ್ನು ದಿನಾಂಕದ ಪ್ರಕಾರ ಜೋಡಿಸಿ ನನ್ನ ಅಭಿಪ್ರಾಯವನ್ನು ಬರೆದುಕೊಟ್ಟೆ. ತಂದೆಯ ಜೊತೆ ಕೆಲಸ ಮಾಡಿದ್ದ ಇಬ್ಬರನ್ನು ಮುಂದಿನ ವಾರ ಪರೀಕ್ಷೆಗೆ ಕರೆತರುವುದಾಗಿ ಹೇಳಿ ಅವರು ಹೊರಟರು.